ಜರ್ಮನಿಯ ಅರಮನೆ, ಯಳಂದೂರಿನ ಬಂಗಲೆ ಮತ್ತು ‘ನಮ್ಮ ಜನ ಸರಿ ಇಲ್ಲ’

ಈ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಇವತ್ತು ಸಿಟ್ಟು ಬಂದಿದೆ, ಹಾಗಾಗಿ ಬರೀತಾ ಇದ್ದೀನಿ. ನನಗೆ ಸಿಟ್ಟು ಬಂದಾಗ ಮಾತ್ರ ನಾಲ್ಕು ಸಾಲು ನೆಟ್ಟಗೆ ಬರೋದು, ಹಳೇ ಓದುಗರಿಗೆ ಗೊತ್ತು :)

ನನ್ನ ಸೋದರತ್ತೆ ಮಗ, ಅಂದ್ರೆ ನಮ್ಮ ಭಾವ, ಜರ್ಮನಿಯಲ್ಲಿದ್ದಾರೆ. ಕೊಳ್ಳೇಗಾಲದಲ್ಲಿ ಹುಟ್ಟಿ, ಮೈಸೂರಲ್ಲಿ ಓದಿ, ಬೆಂಗಳೂರಲ್ಲಿ ಕೆಲಸ ಮಾಡಿ, ಈಗ ಡಾರ್ಟ್‌ಮುಂಡ್ ಹತ್ತಿರ ಎಲ್ಲೋ ಮನೆ ಮಾಡಿದ್ದಾರೆ. ಒಳ್ಳೇ ಮನುಷ್ಯ. ಆದರೆ ಒಂದು ಕಾಯಿಲೆ. ಭಾನುವಾರ ಬಂತು ಅಂದ್ರೆ ಎಲ್ಲಾದರೂ ಒಂದು ಕೋಟೆಗೋ ಅರಮನೆಗೋ ಹೋಗಿ, ನಲವತ್ತು ಫೋಟೋ ತೆಗೆದು ಮನೆಮಂದಿಗೆಲ್ಲ ಕಳಿಸ್ತಾರೆ. ಕೊನೇ ಫೋಟೋದ ಕೆಳಗೆ ಯಾವಾಗಲೂ ಒಂದೇ ಸಾಲು ಇರುತ್ತೆ: ‘ಇತಿಹಾಸ ಉಳಿಸಿಕೊಳ್ಳೋದು ಅಂದ್ರೆ ಇದು. ನಮ್ಮ ಜನಕ್ಕೆ ಯಾವಾಗ ಬುದ್ಧಿ ಬರುತ್ತೋ!’

ಹೋದ ಸಲ ಕಳಿಸಿದ್ದು ನೋರ್ಡ್‌ಕಿರ್ಷೆನ್ ಅನ್ನೋ ಊರಿನ ಫೋಟೋ. ಚಿಕ್ಕ ಊರು, ಸುಮಾರು ಹತ್ತು ಸಾವಿರ ಜನ. ಆದರೆ ಅಲ್ಲಿರೋ ಅರಮನೆ ನೋಡಿದರೆ ಬಾಯಿ ಬಿಡಬೇಕು. ಸುತ್ತ ನೀರಿನ ಕಂದಕ, ನಡುವೆ ಇಟ್ಟಿಗೆಗೆಂಪಿನ ಉದ್ದುದ್ದ ಕಟ್ಟಡ, ಗೆರೆ ಎಳೆದ ಹಾಗೆ ಕತ್ತರಿಸಿದ ತೋಟ. 1703ರಲ್ಲಿ ಮ್ಯೂನ್‌ಸ್ಟರಿನ ಪ್ರಿನ್ಸ್-ಬಿಷಪ್, ಅಂದ್ರೆ ಗುರುವೂ ಅವನೇ ದೊರೆಯೂ ಅವನೇ ಆಗಿದ್ದ ಫ್ರೀಡ್ರಿಷ್ ಕ್ರಿಶ್ಚಿಯನ್ ಫಾನ್ ಪ್ಲೆಟ್ಟೆನ್‌ಬರ್ಗ್, ಕಟ್ಟಿಸೋಕೆ ಶುರು ಮಾಡಿದ್ದು. ಮುಗಿಯೋಕೆ ಮೂವತ್ತು ವರ್ಷ ಹಿಡೀತು. ಅಲ್ಲಿನವರು ಇದನ್ನ ‘ವೆಸ್ಟ್‌ಫಾಲಿಯಾದ ವರ್ಸೇಲ್ಸ್’ ಅಂತಾರೆ. ಪ್ರತಿ ದೇಶದಲ್ಲೂ ಒಂದು ‘ನಮ್ಮ ಊಟಿ’, ‘ಬಡವರ ಊಟಿ’ ಇರುತ್ತಲ್ಲ, ಹಾಗೆ.

ಫೋಟೋ ಚೆನ್ನಾಗಿತ್ತು. ಕೊನೇ ಸಾಲು ಮಾಮೂಲಿ. ಈ ಸಲ ಮಾತ್ರ ಅದರ ಜೊತೆ ಇನ್ನೊಂದು ಸೇರಿಸಿದ್ದರು: ‘ಇದೇ ನಮ್ಮ ಯಳಂದೂರಾಗಿದ್ದಿದ್ರೆ ಕಲ್ಲು ಕಿತ್ಕೊಂಡು ದನದ ಕೊಟ್ಟಿಗೆ ಕಟ್ಟಿರೋರು.’

ಅಲ್ಲಿಗೆ ನನ್ನ ತಲೆ ಕೆಟ್ಟಿತು.

ಯಳಂದೂರು ನಮ್ಮ ಅಜ್ಜಿ ಊರ ಕಡೆ. ಕೊಳ್ಳೇಗಾಲದಿಂದ ಚಾಮರಾಜನಗರದ ಬಸ್ಸು ಹತ್ತಿದರೆ ಅರ್ಧ ಗಂಟೆ. ಆ ಊರಲ್ಲಿ ಏನಿದೆ ಅಂತ ಭಾವನಿಗೂ ಗೊತ್ತಿಲ್ಲ, ನಿಮ್ಮಲ್ಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೋಪ ಮಾಡ್ಕೋಬೇಡಿ, ನಿಜ ಹೇಳ್ತಿದ್ದೀನಿ. ಬಿಳಿಗಿರಿರಂಗನ ಬೆಟ್ಟದ ಬಗ್ಗೆ ಕನ್ನಡ ಬ್ಲಾಗುಗಳಲ್ಲಿ ಎಷ್ಟು ಪ್ರವಾಸಕಥನ ಓದಿದೀನೋ ಲೆಕ್ಕ ಇಲ್ಲ. ಮಂಜು, ಆನೆ, ಕಾಫಿ, ದೊಡ್ಡ ಸಂಪಿಗೆ ಮರ. ಎಲ್ಲದರಲ್ಲೂ ಯಳಂದೂರು ಬರೋದು ಒಂದೇ ಕಡೆ: ‘ಯಳಂದೂರಿನಲ್ಲಿ ಟೀ ಕುಡಿದು ಮುಂದೆ ಹೊರಟೆವು.’ ಟೀ ಅಂಗಡಿಯಿಂದ ನಡೆದು ಹೋಗೋ ದೂರದಲ್ಲಿ ಬಳೆಮಂಟಪ ಇದೆ ಸ್ವಾಮಿ! ಗೌರೀಶ್ವರ ದೇವಸ್ಥಾನದ ಮಹಾದ್ವಾರ ಅದು. ಮೂಲೆಯಲ್ಲಿ ಕಲ್ಲಿನಲ್ಲೇ ಕೆತ್ತಿದ ಬಳೆಗಳ ಸರಪಣಿ, ಒಂದರೊಳಗೊಂದು. ಅದಕ್ಕೇ ಬಳೆಮಂಟಪ ಅನ್ನೋ ಹೆಸರು. ಹದಿನಾಡಿನ ಪಾಳೆಯಗಾರರ ಕಾಲದ್ದು, 17ನೇ ಶತಮಾನ. ಭಾವನ ಪ್ರಿನ್ಸ್-ಬಿಷಪ್ ಇನ್ನೂ ಇಟ್ಟಿಗೆ ಆರ್ಡರ್ ಮಾಡೋಕೆ ಮುಂಚೆ.

ಇನ್ನೊಂದು, ಜಹಗೀರುದಾರರ ಬಂಗಲೆ. ಅದರ ಕಥೆಗೇ ಬರ್ತೀನಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಹೈದರನ ಕಾಲದಿಂದ ಲೆಕ್ಕಪತ್ರ ನೋಡ್ಕೊಂಡಿದ್ದ ಪೂರ್ಣಯ್ಯ, ಐದು ವರ್ಷದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾದರು. 1807ರಲ್ಲಿ ಅವರಿಗೆ ಯಳಂದೂರು ಜಹಗೀರಾಗಿ ಬಂತು. 1812ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡರು. ಲೆಕ್ಕ ಹಾಕಿ, ಐದು ವರ್ಷ ಕೂಡ ಪೂರ್ತಿ ಇಲ್ಲ. ಆದರೆ ಜಹಗೀರು ವಂಶಪಾರಂಪರ್ಯ. ಮುಂದೆ ಅದೇ ಮನೆತನದ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರಾದರು. ಶಿವನಸಮುದ್ರದ ಕರೆಂಟು ಕೋಲಾರದ ಗಣಿಗೆ ಹೋಗಿದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಯೋಜನೆ ಶೇಷಾದ್ರಿ ಅಯ್ಯರ್ ಅವರದ್ದು ನಿಜ, ಆದರೆ ಆ ಎರಡೂ ವರ್ಷ ದಿವಾನಗಿರಿಯ ಕುರ್ಚಿಯಲ್ಲಿ ಕೂತಿದ್ದವರು ಯಳಂದೂರಿನ ಜಹಗೀರುದಾರರು.

ಅಂಥಾ ಮನೆತನದ ಬಂಗಲೆ ಅದು. ಈಗ ಸರ್ಕಾರ ಅದನ್ನ ದುರಸ್ತಿ ಮಾಡಿ, ಪೂರ್ಣಯ್ಯನವರ ಹೆಸರಲ್ಲಿ ವಸ್ತುಸಂಗ್ರಹಾಲಯ ಅಂತ ಮಾಡಿದೆ. ಒಳ್ಳೇದೇ. ಬೀಳೋದನ್ನ ನಿಲ್ಲಿಸಿದ್ದಕ್ಕೆ ಕೈ ಮುಗೀತೀನಿ. ಯಾರೂ ದನದ ಕೊಟ್ಟಿಗೆಗೆ ಕಲ್ಲು ಕೀಳಲಿಲ್ಲ, ಭಾವ ಗಮನಿಸಬೇಕು.

ನನ್ನ ಜಗಳ ಬೇರೆ. ‘ನಮ್ಮ ಜನಕ್ಕೆ ಇತಿಹಾಸ ಪ್ರಜ್ಞೆ ಇಲ್ಲ’ ಅನ್ನೋ ಮಾತಿದೆಯಲ್ಲ, ಅದರ ಜೊತೆ. ಅದು ಭಾವ ಒಬ್ಬರ ಮಾತಲ್ಲ. ಎಲ್ಲಾ ಹಂಪಿ ಪೋಸ್ಟಿನ ಕೊನೆಯಲ್ಲೂ ಇರುತ್ತೆ. ಬೇಲೂರಿನ ಗೋಡೆ ಮೇಲೆ ಯಾರೋ ‘ರಾಜು ಲವ್ಸ್ ಗೀತಾ’ ಕೆತ್ತಿದ ಫೋಟೋ ಕೆಳಗೂ ಇರುತ್ತೆ. ಬರೆಯೋಕೆ ಸುಲಭ. ಬರೆದವನು ತಾನು ಆ ‘ಜನ’ದಲ್ಲಿ ಸೇರಿಲ್ಲ ಅಂತ ತೋರಿಸಿಕೊಳ್ಳೋಕೂ ಅನುಕೂಲ. ನಾನೂ ಹಿಂದೆ ಒಂದೆರಡು ಸಲ ಬರೆದಿದ್ದೀನಿ, ಹುಡುಕಿದರೆ ಈ ಬ್ಲಾಗಿನಲ್ಲೇ ಸಿಗುತ್ತೆ. ವಾಪಸ್ ತಗೊಂಡಿದ್ದೀನಿ.

ಇತಿಹಾಸ ಪ್ರಜ್ಞೆ ಇಲ್ಲ ಅನ್ನೋರು ಒಂದ್ಸಲ ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಬನ್ನಿ. ಶಿವರಾತ್ರಿಗೋ ದೀಪಾವಳಿಗೋ. ಕನಕಪುರ, ಮಳವಳ್ಳಿ ಕಡೆಯಿಂದ ಕಾವೇರಿ ದಾಟಿ ಕಾಲ್ನಡಿಗೆಯಲ್ಲಿ ಬರೋರನ್ನ ನೋಡಿ. ರಾತ್ರಿ ಕಂಸಾಳೆ ಹಿಡಿದು ದೇವರಗುಡ್ಡರು ಕಥೆ ಶುರು ಮಾಡಿದರೆ ಬೆಳಗಾಗೋದೇ ಗೊತ್ತಾಗಲ್ಲ. ಓದೋಕೆ ಬರೆಯೋಕೆ ಬಾರದವರು ನೂರಾರು ವರ್ಷದ ಕಥೆನ ಸಾಲು ತಪ್ಪದೆ ಉಳಿಸಿಕೊಂಡು ಬಂದಿದ್ದಾರೆ. ಅದರಲ್ಲೂ ಒಂದು ಅರಮನೆ ಇದೆ ಗೊತ್ತಾ? ಬಂಕಾಪುರಿಯ ಶ್ರವಣದೊರೆಯದ್ದು. ದೇವಾನುದೇವತೆಗಳನ್ನೇ ಸೆರೆ ಹಾಕಿಕೊಂಡಿದ್ದ ಆ ದೊರೆಗೆ ಮಾದಪ್ಪ ಅರಗಿನ ಪಾದರಕ್ಷೆ ಮಾಡಿ ತೊಡಿಸ್ತಾನೆ. ಆ ಪಾದರಕ್ಷೆಯಲ್ಲೇ ಅವನ ಸಾವು. ಅಂದ್ರೆ ನಮ್ಮ ಕಡೆಯ ದೊಡ್ಡ ಕಾವ್ಯದಲ್ಲಿ ಅರಮನೆಯವನನ್ನ ಮುಗಿಸೋದು ಚಪ್ಪಲಿ ಹೊಲಿಯೋನ ವೇಷದಲ್ಲಿ ಬಂದವನು. ಇದಕ್ಕಿಂತ ಇತಿಹಾಸ ಪ್ರಜ್ಞೆ ಬೇಕಾ?

ಅದೇ ಜನ ಯಳಂದೂರಿನ ಬಂಗಲೆ ಮುಂದೆ ಹಾದು ಹೋಗುವಾಗ ಯಾಕೆ ತಲೆ ಎತ್ತಿ ನೋಡಲ್ಲ? ನಮ್ಮಜ್ಜಿನ ಒಂದ್ಸಲ ಕೇಳಿದ್ದೆ, ಸಣ್ಣೋನಿದ್ದಾಗ. ‘ಅಜ್ಜಿ, ಅದರೊಳಗೆ ಏನಿದೆ?’ ಅಜ್ಜಿ ಹೇಳಿದ್ದು: ‘ಅದು ದೊಡ್ಡೋರ ಮನ ಕನಪ್ಪ. ನಮ್ಗೇನದ ಅಲ್ಲಿ ಕೆಲ್ಸ, ನಡಿ ನಡಿ.’ ಮಾದಪ್ಪನ ಬೆಟ್ಟಕ್ಕೆ ಹೊರಟರೆ ಇದೇ ಅಜ್ಜಿ ಒಂದು ತಿಂಗಳು ಮುಂಚೆ ಅಕ್ಕಿ ಕಟ್ಟಿ ಇಡ್ತಿತ್ತು. ಬೆಟ್ಟ ತನ್ನದು, ಬಂಗಲೆ ಬೇರೆಯವರದ್ದು. ಅಜ್ಜಿಗೆ ಪ್ರಜ್ಞೆ ಇರಲಿಲ್ಲ ಅಂತೀರಾ? ತುಂಬಾ ಸರಿಯಾಗೇ ಇತ್ತು.

ಈಗ ಭಾವನ ಜರ್ಮನಿಗೆ ಬರೋಣ. ಅಲ್ಲಿ ಅರಮನೆ ಯಾಕೆ ಚೆನ್ನಾಗಿದೆ? ಜರ್ಮನರು ಹುಟ್ಟುತ್ತಲೇ ಕಲ್ಲುಪ್ರೇಮಿಗಳು ಅಂತ ಭಾವನ ಥಿಯರಿ. ಸುಳ್ಳು. 1945ರ ನಂತರ ಪೂರ್ವ ಜರ್ಮನಿಯಲ್ಲಿ ಭೂಸುಧಾರಣೆ ಬಂತು, ನೂರು ಹೆಕ್ಟೇರಿಗಿಂತ ಜಾಸ್ತಿ ಜಮೀನಿದ್ದವರದ್ದೆಲ್ಲ ಕಿತ್ಕೊಂಡರು. ಅವರ ಅರಮನೆಗಳಲ್ಲಿ ಕೆಲವಕ್ಕೆ ನಿರಾಶ್ರಿತರನ್ನ ತುಂಬಿದರು, ಕೆಲವು ಶಿಶುವಿಹಾರ ಆದವು, ಎಷ್ಟೋ ಅರಮನೆಗಳನ್ನ ಒಡೆದು ಅದೇ ಇಟ್ಟಿಗೆಯಲ್ಲಿ ರೈತರಿಗೆ ಮನೆ ಕಟ್ಟಿದರು. ದನದ ಕೊಟ್ಟಿಗೆ ಭಾವ, ದನದ ಕೊಟ್ಟಿಗೆ! ಜರ್ಮನಿಯಲ್ಲೇ! ತಪ್ಪು ಅಂತಲೂ ನಾನು ಹೇಳಲ್ಲ. ಮನೆ ಇಲ್ಲದೋನಿಗೆ ಇಟ್ಟಿಗೆ ಇಟ್ಟಿಗೆಯೇ.

ಹಾಗಾದ್ರೆ ನೋರ್ಡ್‌ಕಿರ್ಷೆನ್ ಹೇಗೆ ಉಳೀತು? ಉತ್ತರ ಕೇಳಿದರೆ ನಗು ಬರುತ್ತೆ. ಆ ಅರಮನೆಯಲ್ಲಿ ತೆರಿಗೆ ಗುಮಾಸ್ತರ ಕಾಲೇಜಿದೆ. 1950ರಿಂದ ಅಲ್ಲಿ ತೆರಿಗೆ ಇಲಾಖೆಯ ಹುಡುಗ ಹುಡುಗಿಯರು ತರಬೇತಿ ತಗೊಳ್ತಿದ್ದಾರೆ. ಆ ದಶಕದ ಕೊನೆಗೆ ರಾಜ್ಯ ಸರ್ಕಾರ ಅರಮನೆಯನ್ನೇ ಕೊಂಡುಕೊಂಡಿತು. ಈಗಲೂ ಅಲ್ಲಿ ಪಾಠ ನಡೀತದೆ, ಪರೀಕ್ಷೆ ನಡೀತದೆ. ತೋಟದಲ್ಲಿ ಊರವರು ವಾಕಿಂಗ್ ಹೋಗ್ತಾರೆ, ಅರಮನೆಯ ಪುಟ್ಟ ಪ್ರಾರ್ಥನಾಮಂದಿರದಲ್ಲಿ ಮದುವೆ ಆಗ್ತವೆ. ಗಾಜಿನ ಪೆಟ್ಟಿಗೆಯಲ್ಲಿ ಕತ್ತಿ ಗುರಾಣಿ ಇಟ್ಟು ಕಾವಲುಗಾರನ್ನ ಕೂರಿಸಿ ಉಳಿಸಿದ್ದಲ್ಲ. ಬಳಸಿ ಉಳಿಸಿದ್ದು.

ತಮಾಷೆ ನೋಡಿ. ಪೂರ್ಣಯ್ಯ ಯಾರು? ಕಂದಾಯದ ಮನುಷ್ಯ. ಕತ್ತಿ ಹಿಡಿದೂ ಹೋಗಿದ್ದಾರೆ, ಆದರೆ ಅವರ ನಿಜವಾದ ಬಲ ಲೆಕ್ಕದಲ್ಲಿತ್ತು. ನಮ್ಮ ಗ್ರಾಮಲೆಕ್ಕಿಗರಿಗೆ, ರೆವಿನ್ಯೂ ಇನ್ಸ್‌ಪೆಕ್ಟರುಗಳಿಗೆ ತರಬೇತಿ ಕೊಡೋಕೆ ಇಡೀ ಕರ್ನಾಟಕದಲ್ಲಿ ಇದಕ್ಕಿಂತ ಯೋಗ್ಯವಾದ ಮನೆ ಉಂಟಾ? ವರ್ಷಕ್ಕೆ ನಾಲ್ಕು ಶಿಬಿರ ಅಲ್ಲಿ ಮಾಡಿದರೂ ಸಾಕು. ಆ ಹುಡುಗರು ಊರಲ್ಲಿ ತಿಂಡಿ ತಿಂತಾರೆ, ರೂಮು ಹಿಡೀತಾರೆ, ಸಂಜೆ ಬಳೆಮಂಟಪದ ಹತ್ತಿರ ಕೂರ್ತಾರೆ. ಊರಿಗೆ ಬಂಗಲೆಯಿಂದ ನಾಲ್ಕು ಕಾಸು ಕಾಣುತ್ತೆ.

ಆದರೆ ಇದನ್ನ ಯಾರು ತೀರ್ಮಾನ ಮಾಡಬೇಕು? ಇಲ್ಲೇ ಇರೋದು ಅಸಲಿ ವಿಷಯ. ಕೊರೀತಿದ್ದೀನಿ ಅನ್ಸಿದ್ರೆ ಒಂದು ಕಾಫಿ ಕುಡ್ಕೊಂಡು ಬನ್ನಿ, ಇಲ್ಲಿಂದ ಸ್ವಲ್ಪ ಕಾನೂನು.

ಜರ್ಮನಿಯ 1949ರ ಸಂವಿಧಾನದ 28ನೇ ವಿಧಿ ಊರಿನ ಆಡಳಿತ ಊರಿಗೇ ಸೇರಿದ್ದು ಅನ್ನುತ್ತೆ. ಸ್ಮಾರಕಗಳ ಕಾನೂನು ಅಲ್ಲಿ ಒಂದೊಂದು ರಾಜ್ಯದ್ದು ಒಂದೊಂದು. ಭಾವ ಇರೋದು ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದಲ್ಲಿ. ಅಲ್ಲಿ 1980ರಲ್ಲಿ ಬಂದ ಕಾನೂನಿನ ಕಾಲದಿಂದಲೂ ಸ್ಮಾರಕ ಪ್ರಾಧಿಕಾರದ ಕೆಳಗಿನ ಮೆಟ್ಟಿಲು ಯಾರು ಗೊತ್ತಾ? ಊರಿನ ಪಂಚಾಯಿತಿ. ಯಾವ ಕಟ್ಟಡ ಸ್ಮಾರಕ ಅನ್ನೋ ಪಟ್ಟಿ ಇಟ್ಟುಕೊಳ್ಳೋದೇ ಊರು. ಹಳೇ ಮನೆಯ ಕಿಟಕಿ ಬದಲಾಯಿಸಬೇಕು ಅಂದ್ರೂ ಅಲ್ಲಿನ ಮನುಷ್ಯ ರಾಜಧಾನಿಗೆ ಓಡಲ್ಲ, ಊರ ಕಚೇರಿಗೆ ಹೋಗ್ತಾನೆ. ಹಾಗಂತ ಪಂಚಾಯಿತಿ ಮನಸ್ಸಿಗೆ ಬಂದ ಹಾಗೆ ಮಾಡೋ ಹಾಗಿಲ್ಲ. ಮ್ಯೂನ್‌ಸ್ಟರಿನಲ್ಲಿ ಇಡೀ ಪ್ರಾಂತ್ಯಕ್ಕೆ ತಜ್ಞರ ಕಚೇರಿ ಇದೆ, ಅವರ ಮಾತು ಕೇಳಬೇಕು. ಜ್ಞಾನ ಅವರದ್ದು, ಹೊಣೆ ಊರಿನದ್ದು.

ನಮ್ಮಲ್ಲಿ? ಕೇಂದ್ರಕ್ಕೆ 1958ರ ಕಾಯ್ದೆ. ರಾಜ್ಯಕ್ಕೆ 1961ರ ಕಾಯ್ದೆ. ಒಂದು ಕಟ್ಟಡವನ್ನ ರಾಷ್ಟ್ರೀಯ ಸ್ಮಾರಕ ಅಂತ ಮಾಡಬೇಕಾದರೆ ಸರ್ಕಾರ ನೋಟೀಸು ಹೊರಡಿಸುತ್ತೆ. ಎರಡು ತಿಂಗಳು ಟೈಮು, ಆಕ್ಷೇಪಣೆ ಇದ್ದವರು ಹೇಳಬಹುದು. ಅಷ್ಟೇ. ಊರಿನವನಿಗೆ ಕಾನೂನು ಕೊಟ್ಟ ಪಾತ್ರ ತಕರಾರು ತೆಗೆಯೋದು ಮಾತ್ರ. ಆಮೇಲೆ ಒಂದು ನೀಲಿ ಬೋರ್ಡು ಬರುತ್ತೆ. ಹಾಳು ಮಾಡಿದರೆ ಎರಡು ವರ್ಷ ಜೈಲು, ಒಂದು ಲಕ್ಷ ದಂಡ. 2010ರ ತಿದ್ದುಪಡಿ ಬಂದ ಮೇಲೆ ಕೇಂದ್ರದ ಸ್ಮಾರಕದ ಸುತ್ತ ನೂರು ಮೀಟರು ಏನೂ ಕಟ್ಟೋ ಹಾಗಿಲ್ಲ, ಅದರಾಚೆ ಇನ್ನೂರು ಮೀಟರು ಕೇಳಿ ಕಟ್ಟಬೇಕು. ನಿಯಮ ಬೇಕು, ಒಪ್ಪಿದೆ. ಇಲ್ಲದಿದ್ದರೆ ಸ್ಮಾರಕಕ್ಕೆ ಅಂಟಿಕೊಂಡು ಕಲ್ಯಾಣಮಂಟಪ ಏಳುತ್ತೆ. ಆದರೆ ಗೋಡೆ ಪಕ್ಕ ತಲೆತಲಾಂತರದಿಂದ ಬದುಕಿದ ಮನುಷ್ಯನಿಗೆ ಸರ್ಕಾರ ಇತಿಹಾಸದ ಬಗ್ಗೆ ಆಡಿದ ಒಂದೇ ಒಂದು ಮಾತು ಆ ಬೋರ್ಡಿನ ಬೆದರಿಕೆ ಅಂದ ಮೇಲೆ, ಅವನು ಅದನ್ನ ಪ್ರೀತಿಸಲಿ ಅಂತ ಹೇಗೆ ಕೇಳ್ತೀರಿ?

1992ರಲ್ಲಿ ಸಂವಿಧಾನಕ್ಕೆ 74ನೇ ತಿದ್ದುಪಡಿ ಆಯ್ತು. ಪಟ್ಟಣ ಪಂಚಾಯಿತಿ, ಪುರಸಭೆಗಳಿಗೆ ಕೊಡಬಹುದಾದ ಹದಿನೆಂಟು ಕೆಲಸಗಳ ಪಟ್ಟಿ ಹನ್ನೆರಡನೇ ಅನುಸೂಚಿಯಲ್ಲಿದೆ. ಸಾಂಸ್ಕೃತಿಕ, ಶೈಕ್ಷಣಿಕ, ಸೌಂದರ್ಯದ ವಿಚಾರಗಳನ್ನ ಬೆಳೆಸೋದು ಅಂತ ಅದರಲ್ಲೇ ಒಂದು. ಓದೋಕೆ ಎಷ್ಟು ಚೆಂದ! ಆ ಪಟ್ಟಿಯಲ್ಲಿ ಶವಸಂಸ್ಕಾರವೂ ಇದೆ, ಬೀದಿದೀಪವೂ ಇದೆ, ಕಸಾಯಿಖಾನೆಯೂ ಇದೆ. ಸ್ಮಶಾನ, ದೀಪ, ಕಸಾಯಿಖಾನೆಯ ಉಸ್ತುವಾರಿ ಊರಿನ ಪಂಚಾಯಿತಿ ಮಾಡಬಹುದಂತೆ. ಬಂಗಲೆಯ ಬಾಗಿಲು ಎಷ್ಟು ಗಂಟೆಗೆ ತೆಗೀಬೇಕು ಅಂತ ಹೇಳೋ ಅಧಿಕಾರ ಮಾತ್ರ ಅದಕ್ಕಿಲ್ಲ. ಆ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್‌ನಲ್ಲಿ. ಅದೇ 1993ರಲ್ಲಿ ಜರ್ಮನಿಯವರು ದೇಶದ ತುಂಬಾ ‘ತೆರೆದ ಸ್ಮಾರಕದ ದಿನ’ ಶುರು ಮಾಡಿದರು. ಸೆಪ್ಟೆಂಬರಿನ ಎರಡನೇ ಭಾನುವಾರ, ಮಾಮೂಲಿ ದಿನ ಮುಚ್ಚಿರೋ ಹಳೇ ಕಟ್ಟಡಗಳೂ ಸಾವಿರಗಟ್ಟಲೆ ಬಾಗಿಲು ತೆಗೀತವೆ. ತೋರಿಸೋರು ಬಹುಪಾಲು ಆಯಾ ಊರಿನವರೇ.

‘ಪಂಚಾಯಿತಿ ಕೈಗೆ ಕೊಟ್ಟರೆ ಕಾಂಪ್ಲೆಕ್ಸ್ ಕಟ್ಟಿ ಮಳಿಗೆ ಹರಾಜು ಹಾಕ್ತಾರೆ’ ಅಂತ ನೀವು ಈಗಾಗಲೇ ಕಾಮೆಂಟು ಟೈಪ್ ಮಾಡೋಕೆ ಶುರು ಮಾಡಿರ್ತೀರಿ. ಗೊತ್ತು. ಆ ಹೆದರಿಕೆ ನನಗೂ ಇದೆ, ಪೂರ್ತಿ ಸುಳ್ಳಲ್ಲ. ನಮ್ಮ ಊರುಗಳ ಹಳೇ ಕಟ್ಟೆ, ಕಲ್ಯಾಣಿ, ಛತ್ರ ಎಷ್ಟು ಬಸ್‌ಸ್ಟಾಂಡಿನ ಕೆಳಗೆ ಹೋಗಿವೆ ಅಂತ ನಿಮ್ಮಷ್ಟೇ ನಾನೂ ನೋಡಿದ್ದೀನಿ. ಆದರೆ ಇದೇ ಯಳಂದೂರು ತಾಲ್ಲೂಕಿನಲ್ಲಿ ನಡೆದ ಇನ್ನೊಂದು ಕಥೆ ಹೇಳ್ತೀನಿ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಸಾವಿರಾರು ವರ್ಷದಿಂದ ಆ ಕಾಡಲ್ಲಿದ್ದವರು. 1970ರ ದಶಕದಲ್ಲಿ ಅಭಯಾರಣ್ಯ ಬಂದು ಅವರ ಪೋಡುಗಳನ್ನ ಎತ್ತಂಗಡಿ ಮಾಡಿತು, ಬೇಟೆ ವ್ಯವಸಾಯ ಎರಡೂ ನಿಂತವು. ಆಗಲೂ ಇದೇ ವಾದ: ಇವರ ಕೈಗೆ ಕೊಟ್ಟರೆ ಕಾಡು ಉಳಿಯಲ್ಲ. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆಯ್ತು, ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಜೇನು, ನೆಲ್ಲಿಕಾಯಿ, ಪಾಚಿ ತರೋ ಹಕ್ಕು. ಕಾಡನ್ನ ಕಾಯೋ ಹಕ್ಕು. ಎಲ್ಲಾ ಸರಿಹೋಯ್ತು ಅಂತ ಹೇಳ್ತಿಲ್ಲ, ಕಾಗದದ ಹಕ್ಕಿಗೂ ಕಾಡಿನ ದಾರಿಗೂ ನಡುವೆ ಜಗಳ ಇದ್ದೇ ಇದೆ. ಆದರೆ ಹುಲಿ ಓಡಾಡೋ ಕಾಡಿನಲ್ಲಿ ಜನಕ್ಕೆ ಪಾಲು ಕೊಟ್ಟ ದೇಶಕ್ಕೆ, ಬೆಟ್ಟದ ಬುಡದಲ್ಲಿರೋ ಒಂದು ಹಳೇ ಮನೆಯಲ್ಲಿ ಪಾಲು ಕೊಡೋಕೆ ಕೈ ನಡುಗುತ್ತೆ ಅಂದ್ರೆ ಏನು ಹೇಳಲಿ! ಬಂಗಲೆ ಕಚ್ಚಲ್ಲ ಸ್ವಾಮಿ.

ಕಂಪನಿಗಳಿಗೆ ಆದ್ರೆ ಕೈ ನಡುಗಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಸ್ಮಾರಕ ದತ್ತು ಯೋಜನೆ ತಂತು. 2018ರಲ್ಲಿ ದೆಹಲಿಯ ಕೆಂಪುಕೋಟೆಯ ಸೌಕರ್ಯಗಳನ್ನ ನೋಡಿಕೊಳ್ಳೋಕೆ ದಾಲ್ಮಿಯಾ ಕಂಪನಿ ಐದು ವರ್ಷಕ್ಕೆ 25 ಕೋಟಿಗೆ ಒಪ್ಪಂದ ಮಾಡಿಕೊಂಡಿತು. ಸಿಮೆಂಟು ಕಂಪನಿ ಕೋಟೆ ನೋಡಿಕೊಳ್ಳಬಹುದು, ಯಳಂದೂರಿನವರು ಯಳಂದೂರನ್ನ ನೋಡಿಕೊಳ್ಳೋದು ಮಾತ್ರ ಅಪಾಯ.

ಇನ್ನು ನಮ್ಮ ವಿಷಯ. ಅಂದ್ರೆ ಕನ್ನಡದಲ್ಲಿ ಬರೆಯೋರ ವಿಷಯ. ಪೂರ್ಣಯ್ಯ ಅಂತ ಹೆಸರು ಬಂದರೆ ಸಾಕು, ಎರಡು ಬಣ ಕಚ್ಚೆ ಕಟ್ಟಿ ನಿಲ್ತವೆ. ಒಬ್ಬರಿಗೆ ದ್ರೋಹಿ, ಇನ್ನೊಬ್ಬರಿಗೆ ಮಹಾಪುರುಷ. ನೂರೈವತ್ತು ಕಾಮೆಂಟು. ಅದರಲ್ಲಿ ಒಬ್ಬನೂ ಯಳಂದೂರಿಗೆ ಬಂದಿರಲ್ಲ. ಮೂರು ಒಡೆಯರ ಕೈ ಕೆಳಗೆ ಒಂದೇ ಲೆಕ್ಕದ ಪುಸ್ತಕ ಮುಂದುವರಿಸಿದ ಮನುಷ್ಯ ಅವರು. 1782ರಲ್ಲಿ ಹೈದರ್ ಸತ್ತಾಗ ಟಿಪ್ಪು ಬರೋವರೆಗೆ ಸಾವಿನ ಸುದ್ದಿ ಸೈನ್ಯಕ್ಕೆ ಗೊತ್ತಾಗದ ಹಾಗೆ ಕಾಪಾಡಿದವರಲ್ಲಿ ಒಬ್ಬರು. ಅದೇ ಟಿಪ್ಪು ಸತ್ತ ಮೇಲೆ ಇಂಗ್ಲಿಷರ ಜೊತೆ ಕೂತು ರಾಜ್ಯ ನಡೆಸಿದವರು. ಇದನ್ನ ದ್ರೋಹ ಅನ್ನಿ, ಜಾಣತನ ಅನ್ನಿ. ನನಗೆ ಬೇಕಾಗಿರೋ ಪ್ರಶ್ನೆ ಬೇರೆ: ಆ ಜಹಗೀರಿನ ದುಡ್ಡು ಎಲ್ಲಿಂದ ಬಂತು? ಸುವರ್ಣಾವತಿ ಹೊಳೆಯ ಕಾಲುವೆ ಕೆಳಗಿನ ಭತ್ತದ ಗದ್ದೆಗಳಿಂದ ಬಂತು. ಅಂಬಳೆ, ಅಗರ, ಮಾಂಬಳ್ಳಿ, ಹೊನ್ನೂರಿನ ಕಣಗಳಿಂದ ಬಂತು. ಬಂಗಲೆಯ ಗೋಡೆಗೆ ಗಾರೆ ಆಗಿದ್ದು ಆ ಕಂದಾಯ. 1950ರ ದಶಕದಲ್ಲಿ ಇನಾಂ, ಜಹಗೀರು ರದ್ದು ಮಾಡೋ ಕಾನೂನುಗಳು ಬಂದವು, ಸರಿಯಾಗೇ ಬಂದವು. ಗದ್ದೆ ಉಳೋನಿಗೆ ಅಂತ ಆಯ್ತು. ಗದ್ದೆಯ ದುಡ್ಡಲ್ಲಿ ಎದ್ದ ಮನೆ ಯಾರಿಗೆ ಅನ್ನೋ ಪ್ರಶ್ನೆ ಯಾರೂ ಕೇಳಲಿಲ್ಲ. ಅದು ಸುಮ್ಮನೆ ‘ಸರ್ಕಾರದ್ದು’ ಆಯ್ತು. ಅಜ್ಜಿ ಲೆಕ್ಕದಲ್ಲಿ ದೊಡ್ಡೋರ ಮನೆ ದೊಡ್ಡೋರ ಮನೆಯಾಗೇ ಉಳೀತು, ದೊಡ್ಡೋರು ಬದಲಾದರು ಅಷ್ಟೆ.

ಮತ್ತೆ ಯಳಂದೂರು ಅಂದ್ರೆ ಬರೀ ಪೂರ್ಣಯ್ಯ ಅಲ್ಲ. ಜಹಗೀರು ಬರೋಕೆ ಒಂದೂವರೆ ಶತಮಾನ ಮುಂಚೆ ಇಲ್ಲಿ ಷಡಕ್ಷರದೇವ ಇದ್ದ, ‘ರಾಜಶೇಖರವಿಳಾಸ’ ಬರೆದವನು. ಚಿಕ್ಕದೇವರಾಜ ಒಡೆಯರ ಮಂತ್ರಿ ವಿಶಾಲಾಕ್ಷ ಪಂಡಿತ ಯಳಂದೂರಿನ ಜೈನ. ತೆರಿಗೆಯ ಗಲಾಟೆ ಎದ್ದ ಕಾಲದಲ್ಲಿ, 1686ರಲ್ಲಿ, ಕೊಲೆಯಾದ. ಅದೇ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಚೀಲ ಹಿಡಿಯೋ ಕೆಲಸದಲ್ಲಿದ್ದ ಸಂಚಿ ಹೊನ್ನಮ್ಮ ಯಳಂದೂರಿನವಳು. ಸಂಚಿ ಹಿಡಿದ ಕೈಯಲ್ಲೇ ‘ಹದಿಬದೆಯ ಧರ್ಮ’ ಬರೆದಳು. ಒಬ್ಬ ವೀರಶೈವ ಕವಿ, ಒಬ್ಬ ಜೈನ ಮಂತ್ರಿ, ಒಬ್ಬಳು ಊಳಿಗದ ಹೆಣ್ಣು, ಒಬ್ಬ ಮಾಧ್ವ ದಿವಾನ, ಮೇಲೆ ಬೆಟ್ಟದಲ್ಲಿ ಸೋಲಿಗರು. ಕರ್ನಾಟಕದ ತೀರಾ ಚಿಕ್ಕ ತಾಲ್ಲೂಕುಗಳಲ್ಲಿ ಒಂದರ ಕಥೆ ಇದು. ನೋರ್ಡ್‌ಕಿರ್ಷೆನ್‌ನವರಿಗೆ ಇದರಲ್ಲಿ ಅರ್ಧ ಸಿಕ್ಕಿದ್ದರೂ ಪ್ರತಿ ಬೇಕರಿಯಲ್ಲೂ ಹೊನ್ನಮ್ಮನ ಬಿಸ್ಕತ್ತು ಮಾರ್ತಿದ್ದರು :)

ಅಂದಹಾಗೆ ಕೊಳ್ಳೇಗಾಲದವರಾದ ನಾವು ಇದರಿಂದ ದೂರ ಉಳಿದದ್ದಕ್ಕೆ ಇನ್ನೊಂದು ಕಾರಣ ಇದೆ, ಇದನ್ನೂ ಯಾರೂ ಹೇಳಲ್ಲ. 1799ರ ಹಂಚಿಕೆಯಲ್ಲಿ ಯಳಂದೂರು ಮೈಸೂರಿಗೆ ಉಳೀತು, ಕೊಳ್ಳೇಗಾಲ ಕಂಪನಿ ಸರ್ಕಾರಕ್ಕೆ ಹೋಗಿ ಕೊಯಮತ್ತೂರು ಜಿಲ್ಲೆ ಸೇರಿತು. ಈಗ ಪ್ರತ್ಯೇಕ ತಾಲ್ಲೂಕಾಗಿರೋ ಹನೂರು ಕೂಡ. 1956ರ ನವೆಂಬರ್ 1ರವರೆಗೆ ಹಾಗೇ. ನಮ್ಮ ಅಜ್ಜ ಕೊಳ್ಳೇಗಾಲದಿಂದ ಯಳಂದೂರಿಗೆ ಹೆಣ್ಣು ನೋಡೋಕೆ ಹೋದದ್ದು ಅಂದ್ರೆ ಮದ್ರಾಸು ಪ್ರಾಂತ್ಯದಿಂದ ಮೈಸೂರು ಸಂಸ್ಥಾನಕ್ಕೆ ಹೋದ ಹಾಗೆ! ಅರ್ಧ ಗಂಟೆ ದೂರದ ಊರು, ದಾಖಲೆ ಹುಡುಕಬೇಕಾದರೆ ಒಂದಕ್ಕೆ ಮೈಸೂರು ಕಡೆ, ಇನ್ನೊಂದಕ್ಕೆ ಮದ್ರಾಸು ಕಡೆ. ಈ ಎರಡು ಕಡೆಯ ಕಂದಾಯದ ಕಾಗದಗಳ ನಕಲನ್ನ ತಂದು ಆ ಬಂಗಲೆಯ ಒಂದು ಕೋಣೆಯಲ್ಲಿ ಇಡಿ. ಗಡಿಯ ಆಚೆ ಈಚೆ ಒಂದೇ ಥರದ ಗದ್ದೆಗೆ ಎಷ್ಟೆಷ್ಟು ತೆರಿಗೆ ಅಂತ ಜನ ನೋಡಲಿ. ಆಗ ನೋಡಿ, ಅಜ್ಜಿ ಊರಿನ ರೈತ ತನ್ನ ಮುತ್ತಜ್ಜನ ಹೆಸರು ಹುಡುಕಿಕೊಂಡು ಆ ಮೆಟ್ಟಿಲು ಹತ್ತುತ್ತಾನೋ ಇಲ್ಲವೋ.

ಇಷ್ಟನ್ನೂ ಭಾವನಿಗೆ ಬರೆದು ಕಳಿಸಿದೆ. ಎರಡು ದಿನ ಸುದ್ದಿ ಇಲ್ಲ. ಸಿಟ್ಟಾದರೇನೋ ಅಂದುಕೊಂಡೆ. ಆಮೇಲೆ ಉತ್ತರ ಬಂತು: ‘ನೋರ್ಡ್‌ಕಿರ್ಷೆನ್‌ನಲ್ಲಿ ತೆರಿಗೆ ಕಾಲೇಜಿರೋದು ನಾನು ಗಮನಿಸಲೇ ಇಲ್ಲ ಕಣೋ, ತೋಟದ ಫೋಟೋ ತೆಗೆಯೋದರಲ್ಲಿದ್ದೆ. ಬಳೆಮಂಟಪ ಎಲ್ಲಿ ಬರುತ್ತೆ? ಬಸ್‌ಸ್ಟಾಂಡಿನಿಂದ ಎಷ್ಟು ದೂರ?’

ಡಿಸೆಂಬರಿನಲ್ಲಿ ಬರ್ತಾರಂತೆ. ಕಾರು ಬೇಡ, ಬಸ್ಸಲ್ಲೇ ಹೋಗೋಣ ಅಂದಿದ್ದೀನಿ. ನಿಮ್ಮಲ್ಲಿ ಯಾರಾದರೂ ಆ ಕಡೆಯವರಿದ್ದು, ನಿಮ್ಮ ಮನೆಯ ಹಳೇ ಪೆಟ್ಟಿಗೆಯಲ್ಲಿ ಜಹಗೀರಿನ ಕಾಲದ ಪಟ್ಟೆ, ರಶೀದಿ, ಏನಾದರೂ ಇದ್ದರೆ ಫೋಟೋ ತೆಗೆದು ನಿಮ್ಮ ಬ್ಲಾಗಿನಲ್ಲಿ ಹಾಕಿ, ಕೆಳಗೆ ಒಂದು ಕೊಂಡಿ ಕೊಡಿ. ದ್ರೋಹಿಯೋ ಮಹಾಪುರುಷನೋ ಅನ್ನೋ ಕಾಮೆಂಟು ದಯವಿಟ್ಟು ಬೇಡ, ಅಳಿಸಿ ಹಾಕ್ತೀನಿ.